ಶೆಡ್ಡಿಗೆ ಮೀರಿದ ಜೀಪು

ಸ್ಪ್ಯಾನರ್ ಹಿಡಿದೇ ಗೊತ್ತಿರದ ಗ್ಲೆನಿಸ್, ಕ್ವೀನ್ಸ್‌ಲ್ಯಾಂಡಿನ ಕಡಲಂಚಿನ ತನ್ನ ಶೆಡ್ಡಿನೊಳಗೆ ಚಳಿಗಾಲವಿಡೀ ಕೂತು ತುಕ್ಕು ಹಿಡಿದ ಹಳೇ ಜೀಪನ್ನು ರಿಪೇರಿ ಮಾಡಿದಳು. ಎತ್ತರದ ಸ್ಪ್ರಿಂಗ್ ಕೂರಿಸಿ, ಆನೆಗಾತ್ರದ ಟಯರ್ ಹಾಕಿದಳು. ಹಿತ್ತಿಲಾಚೆಯ ಬೀಚಿಗೆ ಹೊರಟರೆ, ಜೀಪಿನ ಚಾವಣಿ ಬಾಗಿಲ ಮೇಲಿನ ತೊಲೆಗೆ ಢಣ್ಣನೆ ಬಡಿಯಿತು.

ಪಕ್ಕದ ಮನೆಯ ಕ್ಲೆಮ್ ಬೇಲಿ ಹಿಡಿದುಕೊಂಡು ನಕ್ಕ. "ಶೆಡ್ ಕೆಡವು ಮಾರಾಯ್ತಿ, ಬೇರೆ ದಾರಿಯಿಲ್ಲ."

"ಬಾಯಿ ಮುಚ್ಚು. ಮರಳಿಗೆ ಇಳಿಯೋ ಮುಂಚೆ ನಾವೆಲ್ಲ ಏನ್ ಮಾಡ್ತೀವಿ?"

ಮರಳಲ್ಲಿ ಚಕ್ರ ಹೂತುಹೋಗದಿರಲೆಂದು ಅಲ್ಲಿಯವರೆಲ್ಲ ಮಾಡುವಂತೆ, ಅವಳು ನಾಲ್ಕೂ ಟಯರಿನ ಗಾಳಿಯನ್ನು ಅರ್ಧಕ್ಕರ್ಧ ಬಿಟ್ಟಳು. ಜೀಪು ಪುಸ್ಸೆಂದು ಕುಗ್ಗಿ, ಚಾವಣಿಯ ಬಣ್ಣವನ್ನು ತೊಲೆಗೆ ಸವರಿ ಹೊರಬಂತು. ಗ್ಲೆನಿಸ್ ಹಾರ್ನ್ ಬಾರಿಸುತ್ತ ಅಂಗಳ ಸುತ್ತಿದಳು.

"ಗಾಳಿ ತುಂಬಿದ್ಮೇಲೆ ವಾಪಸ್ ಒಳಗೆ ಹೇಗೆ ಹಾಕ್ತೀಯ?" ಕ್ಲೆಮ್ ಕೇಳಿದ.

"ವಾಪಸ್ ಬರೋ ಮಾತು ಯಾರಾಡಿದ್ರು? ಬೇಗ ಹತ್ತು, ಟಯರಿನ ಗಾಳಿ ಮರಳಿಗೆ ಹದವಾಗಿದೆ."