ಕಳಿಸದೆ ಇಟ್ಟುಕೊಂಡ ತೇಪೆ

ಹನ್ನೊಂದು ವರ್ಷ ಅವಳು ಮಾಡಿದ ಆ ಕೆಲಸಕ್ಕೆ ಸಂಬಳವೂ ಇರಲಿಲ್ಲ, ಸನ್ಮಾನವೂ ಇರಲಿಲ್ಲ. ಕಣ್ಣು ಕಾಣದವರಿಗೆ ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ತಂತ್ರಾಂಶ. ಅದರ ಹೊಸ ಆವೃತ್ತಿ ಬಂದಾಗಲೆಲ್ಲ ಪರೀಕ್ಷಿಸಿ, ಪ್ಯಾಕೇಜು ಕಟ್ಟಿ, ಲಿನಕ್ಸ್ ಬಳಸುವವರು ಇಳಿಸಿಕೊಳ್ಳುವ ಭಂಡಾರಕ್ಕೆ ಸೇರಿಸುವುದು ಅವಳ ಪಾಲಿಗೆ ಬಂದಿತ್ತು. ತಂತ್ರಾಂಶ ಬರೆದವನ ಮುಖವನ್ನು ಅವಳು ನೋಡಿರಲಿಲ್ಲ, ಇಬ್ಬರದೂ ಬರೀ ಇಮೇಲಿನ ಪರಿಚಯ. ಅವಳು ಅವನನ್ನು ಮೂಲಪುರುಷ ಎಂದು ಛೇಡಿಸಿದರೆ ಅವನು ಅವಳನ್ನು ಕಾವಲಮ್ಮ ಎನ್ನುತ್ತಿದ್ದ.

ಕಾವಲಮ್ಮನದೊಂದು ಪದ್ಧತಿಯಿತ್ತು. ದೊಡ್ಡಪ್ಪನ ಓಬೀರಾಯನ ಕಾಲದ ಕಂಪ್ಯೂಟರಿನಲ್ಲಿ ಓಡಿಸಿ ನೋಡದೆ ಯಾವ ಆವೃತ್ತಿಯನ್ನೂ ಹೊರಗೆ ಬಿಡುತ್ತಿರಲಿಲ್ಲ. ದೊಡ್ಡಪ್ಪ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದವರು. ಕಣ್ಣು ಹೋದ ಮೇಲೆ ಕಿವಿಯಲ್ಲೇ ತಪ್ಪು ಹಿಡಿಯುತ್ತಿದ್ದರು. ಆರು ವರ್ಷದ ಹಿಂದೆ ಒಂದು ಆವೃತ್ತಿ ಆ ಯಂತ್ರದಲ್ಲಿ ತುಟಿಪಿಟಕ್ಕೆನ್ನಲಿಲ್ಲ. ಎರಡು ದಿನ ತಲೆ ಕೆಡಿಸಿಕೊಂಡು ಅವಳು ತಂತ್ರಾಂಶದ ಕೋಡಿಗೆ ಒಂದು ಪುಟ್ಟ ತೇಪೆ ಹಾಕಿದಳು, ಮಾತು ಬಂತು. ಅಂಥ ತೇಪೆಯನ್ನು ಬರೆದವನಿಗೆ ಕಳಿಸಿಕೊಡುವುದು ಈ ಕಸುಬಿನ ರೂಢಿ. ಆಗ ಅದು ಎಲ್ಲರಿಗೂ ಸೇರುತ್ತದೆ. ಅವಳು ಕಳಿಸಲಿಲ್ಲ. ಹಳೆಯ ಯಂತ್ರಗಳಲ್ಲಿ ನನ್ನ ಪ್ಯಾಕೇಜು ಮಾತ್ರ ಮಾತಾಡುತ್ತದೆ ಎಂಬುದು ಅವಳ ಗುಟ್ಟಿನ ಜಂಬ. ಪ್ರತಿ ಆವೃತ್ತಿಗೂ ತಾನೇ ಹಚ್ಚಿಕೊಂಡು ಬಂದಳು.

ಒಂದು ದಿನ ಮೂಲಪುರುಷ ಬರೆದ: "ಕಾವಲಮ್ಮ, ಇನ್ಮೇಲೆ ಇದು ತಾನಾಗೇ ಅಪ್‌ಡೇಟ್ ಆಗೋ ಹಾಗೆ ಮಾಡ್ತಿದೀನಿ, ನೇರ ನಮ್ಮ ಸರ್ವರ್‌ನಿಂದ. ಭಂಡಾರದಲ್ಲಿ ವಾರಗಟ್ಟಲೆ ಕಾಯೋದು ತಪ್ಪುತ್ತೆ. ನೀವು ಏನಾದ್ರೂ ಬದಲಾವಣೆ ಮಾಡ್ಕೊಂಡಿದ್ರೆ ಹೇಳಿ."

ವಾರಗಟ್ಟಲೆ ಎಂಬ ಮಾತು ನಾಟಿತು. ಅವಳಿಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. "ಏನೂ ಇಲ್ಲ. ನಿಮ್ಮಿಷ್ಟ" ಎಂದು ಬರೆದು, ಹಳೆಯದನ್ನು ಕಿತ್ತು ಅವನ ಹೊಸದನ್ನು ಕೂರಿಸುವ ಕೊನೆಯ ಪ್ಯಾಕೇಜನ್ನು ಅದೇ ಮಧ್ಯಾಹ್ನ ಭಂಡಾರಕ್ಕೆ ಎಸೆದಳು. ದೊಡ್ಡಪ್ಪನ ಮನೆಗೆ ಹೋಗಲಿಲ್ಲ. ತೇಪೆ ಮರೆತೇಹೋಗಿತ್ತು ಎಂದರೆ ಅರ್ಧ ಸತ್ಯ. ನಾನಿಲ್ಲದೆ ಹೇಗೆ ನಡೆಸುತ್ತಾನೋ ನೋಡೋಣ ಎಂಬುದು ಉಳಿದರ್ಧ.

ಸಿಟ್ಟು ಇಳಿದು ಅವಳು ದೊಡ್ಡಪ್ಪನ ಮನೆಗೆ ಹೋದಾಗ ಮೂರು ವಾರವಾಗಿತ್ತು. ಕಂಪ್ಯೂಟರಿನ ಮೇಲೆ ಟವೆಲು ಹೊದಿಸಿತ್ತು.

"ಇದ್ಯಾಕೆ ದೊಡ್ಡಪ್ಪ, ಮುಚ್ಚಿಟ್ಟಿದೀರಾ?"

"ಅದರ ಬಾಯಿ ಬಿದ್ದೋಯ್ತಮ್ಮ. ಅರ್ಧ ಪುಸ್ತಕ ಆಗಿತ್ತು. ಇರ್ಲಿ ಬಿಡು."

"ನಂಗೊಂದು ಫೋನ್ ಮಾಡೋದಲ್ವಾ?"

"ಹೊಸದು ಬಂದ್ರೆ ನೀನು ಬಂದೇ ಬರ್ತೀಯ. ಬರ್ಲಿಲ್ಲ. ಹಾಗಾದ್ರೆ ಕೆಟ್ಟಿರೋದು ಈ ಡಬ್ಬಾನೇ ಅನ್ಕೊಂಡೆ."

ಭೂಮಿ ಬಾಯಿ ಬಿಡಬಾರದೇ ಎನಿಸಿತು ಅವಳಿಗೆ. ಅಲ್ಲೇ ಕೂತು, ಆ ಕಂಪ್ಯೂಟರಿನಿಂದಲೇ ಮೂಲಪುರುಷನಿಗೆ ತೇಪೆ ಕಳಿಸಿದಳು. ಆರು ವರ್ಷದಿಂದ ನನ್ನ ಹತ್ತಿರವಿತ್ತು, ಬೇಕೆಂದೇ ಕೊಡಲಿಲ್ಲ, ತಪ್ಪಾಯಿತು ಎಂದೂ ಬರೆದಳು. ಗಂಟೆಯೊಳಗೆ ಅಪ್‌ಡೇಟ್ ತಾನಾಗಿಯೇ ಬಂದು ಕೂತಿತು. ಲೋಕದ ಹಳೆಯ ಡಬ್ಬಗಳಿಗೆಲ್ಲ ಒಂದೇ ಗಂಟೆಯಲ್ಲಿ ತಲುಪುವಂಥದ್ದನ್ನು ಅವಳು ಅಷ್ಟು ವರ್ಷ ಮುಚ್ಚಿಟ್ಟುಕೊಂಡಿದ್ದಳು. ಮಾತು ಬಂದ ಯಂತ್ರ ತೆರೆದಿದ್ದ ಇಮೇಲನ್ನೇ ಮೊದಲು ಓದತೊಡಗಿತು. ಅವನ ಉತ್ತರ ಬಂದಿತ್ತು.

"ಸೇರಿಸಿದೀನಿ ಕಾವಲಮ್ಮ. ನಮ್ಮಮ್ಮಂಗೂ ಕಣ್ಣು ಕಾಣ್ತಿರ್ಲಿಲ್ಲ, ಅವರದೂ ಇಂಥದ್ದೇ ಹಳೇ ಮಷೀನು. ಭಂಡಾರದಲ್ಲಿರೋ ನಿಮ್ಮ ಪ್ಯಾಕೇಜಲ್ಲ, ನಾನು ಬರೆದಿದ್ದನ್ನೇ ನೇರ ಹಾಕ್ಕೊಡ್ತಿದ್ದೆ. ಆರು ವರ್ಷದ ಹಿಂದೆ, ಮಾತೇ ಬರ್ತಿಲ್ಲ ಕಣೋ ಅಂದ್ರು. ನಿಂಗೆ ಕೀ ಸರಿಯಾಗಿ ಒತ್ತೋಕೆ ಬರಲ್ಲ ಅಂತ ಗದರಿದೆ. ಆಮೇಲೆ ಅಮ್ಮ ಅದನ್ನ ಮುಟ್ಟಲೇ ಇಲ್ಲ. ಹೋದ ವರ್ಷ ತೀರ್ಕೊಂಡ್ರು."

ದೊಡ್ಡಪ್ಪ ಒಂದಕ್ಷರ ಬಿಡದೆ ಕೇಳಿಸಿಕೊಂಡಿದ್ದರು.

"ಅವನಿಗೆ ಫೋನ್ ಮಾಡಮ್ಮ" ಎಂದರು.

"ಏನಂತ ಹೇಳ್ಲಿ ದೊಡ್ಡಪ್ಪ?"

"ಅವರಮ್ಮ ಸರಿಯಾಗೇ ಒತ್ತಿದ್ರು ಅಂತ ಹೇಳು. ನಿನ್ನ ಬಾಯಿಂದಲೇ ಹೇಳು."

ಅವಳ ಹತ್ತಿರ ಅವನ ನಂಬರೇ ಇರಲಿಲ್ಲ. ಹನ್ನೊಂದು ವರ್ಷದಲ್ಲಿ ಕೇಳಿರಲಿಲ್ಲ.