ನನ್ನ ಹೆಸರಿನ ಬಡಿತ

ಕನ್ನಡಿಯ ಮುಂದೆ ಸೆರಗನ್ನು ಕೈಗೆ ಸುತ್ತಿಕೊಂಡಿದ್ದೇನೆ, ಫ್ಯಾನಿನ ಗಾಳಿಗೆ ಹಾರದಿರಲಿ ಎಂದು ಎಲ್ಲರೂ ಅಂದುಕೊಂಡರೆ ಸಾಕು, ಆ ಕೈಯಲ್ಲಿ ವಾಚಿದೆ, ವಾಚಿನಲ್ಲಿ ನನ್ನ ಎದೆಬಡಿತ ನೂರು ದಾಟಿದೆ, ನನ್ನ ಮದುವೆಯ ಗಂಡು ಚಂದ್ರಶೇಖರ್ ಈಗ, ಎಲ್ಲಿ, ತೋರ್ಸು ಶೈಲೂ, ಅಂದುಬಿಟ್ಟರೆ ಮುಗಿಯಿತು — ಮದುವೆ ಸೀರೆ ಆರಿಸಲು ಬಂದವಳು ಬಣ್ಣ ನೋಡುವುದು ಬಿಟ್ಟು ಮಣಿಕಟ್ಟು ಮುಚ್ಚಿಕೊಂಡು ನಿಂತಿದ್ದೇನೆ. ಸೀರೆ ನೇಯುವ ಪಾಲಣ್ಣ ಇನ್ನೊಂದು ಸೀರೆಯನ್ನು ನನ್ನ ಭುಜಕ್ಕೆ ಹಾಕುತ್ತಾನೆ, ನೋಡ್ರಮ್ಮ, ನಮ್ಮನೆ ಮಗ್ಗದ್ದು, ಮೊಳಕಾಲ್ಮೂರಿಗೆ ಬಂದು ಇದನ್ನ ಬಿಟ್ಟು ಹೋದ್ರೆ ರಾತ್ರಿ ನಿದ್ದೆ ಬರಲ್ಲ ನಿಮಗೆ, ಹಸಿರು ಮೈ, ಅರಿಶಿನದ ಅಂಚು, ಚಂದವಿದೆ, ಚಂದವಿದೆ ಎಂದು ನನಗೆ ಅನ್ನಿಸಬೇಕು, ಅತ್ತೆಯಾಗಲಿರುವ ತಿಪ್ಪೇರುದ್ರಮ್ಮನವರು ತಲೆಯಾಡಿಸುತ್ತಾರೆ, ಬ್ಯಾಡ ಕಣಪ್ಪ, ಹುಡುಗಿ ಮೊದ್ಲೇ ಸಣಕಲು, ಹಸಿರು ಉಟ್ರೆ ಹುರುಳಿಕಾಯಿ ಕಂಡಂಗೆ ಕಾಣ್ತೈತೆ, ಎಲ್ಲರೂ ನಕ್ಕರು, ಅವ್ವನೂ ನಕ್ಕಳು, ಆದರೆ ಅವಳ ನಗು ಅರ್ಧಕ್ಕೇ ನಿಂತಿತು, ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದಳು. ಮುಚ್ಚಿದ ಆ ರೆಪ್ಪೆ ಮತ್ತೆ ತೆರೆಯುವವರೆಗೆ ನಾನು ಉಸಿರು ಹಿಡಿದೆ, ತೆರೆಯಿತು, ಅವ್ವ ನನ್ನನ್ನೇ ನೋಡಿದಳು, ಬಾಯಿ ಬಿಡಬ್ಯಾಡ ಎನ್ನುವ ನೋಟ.

ಈ ವಾಚನ್ನು ನಿಶ್ಚಿತಾರ್ಥದ ದಿನ ಚಂದ್ರಶೇಖರ್ ಅವರೇ ಕಟ್ಟಿದ್ದು, ಚಳ್ಳಕೆರೆಯ ಎಣ್ಣೆಮಿಲ್ಲಿನ ಸಾಹುಕಾರರ ಮಗ ಉಂಗುರದ ಜೊತೆ ವಾಚೂ ತಂದವ್ನೆ ಅಂತ ನಮ್ಮೂರು ದೇವಸಮುದ್ರದ ಹೆಂಗಸರೆಲ್ಲ ಬಂದು ಮುಟ್ಟಿ ನೋಡಿದ್ದರು. ಕೆಟ್ಟವರಲ್ಲ ಚಂದ್ರಶೇಖರ್, ಒಂದು ಮಾತೂ ಜೋರಾಗಿ ಆಡಿದವರಲ್ಲ, ಆದರೆ ಹೆದರಿದವರು, ಹಿಂದೆ ಅವರಿಗೆ ಒಂದು ಸಂಬಂಧ ಕೂಡಿಬಂದು, ಲಗ್ನಪತ್ರಿಕೆ ಹಂಚಿದ ಮೇಲೆ ಆ ಹುಡುಗಿಗೆ ಹೃದಯದ ಕಾಯಿಲೆ ಇದ್ದದ್ದು ತಿಳಿದು ಮುರಿದಿತ್ತಂತೆ, ಅದಕ್ಕೇ ನನ್ನ ವಾಚಿನ ಆ್ಯಪು ಅವರ ಫೋನಿನಲ್ಲೂ ಇದೆ, ದಿನಾ ಬೆಳಗ್ಗೆ ಮಲಗಿದ್ದಾಗಿನ ಬಡಿತವೊಂದೇ ಅಲ್ಲಿಗೆ ಹೋಗುತ್ತದೆ, ನನ್ನ ಎದೆ ಬಡಿದದ್ದು ನನಗಿಂತ ಮೊದಲು ಅವರಿಗೆ ಗೊತ್ತಾಗುತ್ತದೆ. ಸರಿಯಾಗಿ ಬರ್ಬೇಕು ಅಂದ್ರೆ ಬಳೆ ಥರ ಜೋತಾಡ್ಬಾರ್ದು ಶೈಲೂ, ಮಣಿಕಟ್ಟಿನ ಮೂಳೆಗಿಂತ ಒಂದು ಬೆರಳು ಮ್ಯಾಲೆ ಕಟ್ಟು, ಬೆಳಗ್ಗೆ ಎಚ್ಚರ ಆದಾಗ ಎದ್ದುಬಿಡ್ಬ್ಯಾಡ, ಕಾಫಿ ಕುಡಿಬ್ಯಾಡ, ಮಾತಾಡ್ಬ್ಯಾಡ, ಸುಮ್ನೆ ಮಲ್ಕಂಡಿರು, ಆಗ ಬರೋದೇ ನಿನ್ನ ನಿಜವಾದ ಬಡಿತ, ಎಂದು ಅವರು ಹೇಳಿಕೊಟ್ಟರು — ಬಳೆಗಳನ್ನು ತೆಗೆದಿಟ್ಟೆ, ಚರ್ಮ ಒರೆಸಿಕೊಂಡೆ, ಮೂಳೆಗಿಂತ ಒಂದು ಬೆರಳು ಮೇಲೆ ಕಟ್ಟಿದೆ, ಮರದ ತುಂಡಿನಂತೆ ಮಲಗಿದೆ, ತೊಂಬತ್ತೆರಡು, ಮರುದಿನ ತೊಂಬತ್ತೈದು, ವಾಚಿನ ತಳದಲ್ಲಿ ಆ ಹಸಿರು ಬೆಳಕು ಮಿಣುಕಿದ ಕೂಡಲೇ ಎದೆ ಓಡತೊಡಗುತ್ತದೆ, ಯಾರೋ ಬಾಗಿಲ ಸಂದಿಯಿಂದ ನೋಡುತ್ತಿರುವಾಗ ಸುಮ್ಮನೆ ಮಲಗುವುದು ಹೇಗೆ? ಕಾಲೇಜಿನಲ್ಲಿ ಹಾಜರಿ ಕೂಗಿದಾಗ ಪ್ರೆಸೆಂಟ್ ಸರ್ ಎನ್ನುವ ಎರಡು ಮಾತು ಗಂಟಲಲ್ಲೇ ಉಳಿದು, ಮುಂದಿನ ಬೆಂಚಿನಲ್ಲಿ ಕೂತೂ ಗೈರಾದವಳು ನಾನು, ಅಂಥವಳಿಗೆ ನಿಜವಾದ ಬಡಿತ ಎಲ್ಲಿಂದ ಬರಬೇಕು. ಒಂದ್ಸಲ ಡಾಕ್ಟ್ರಿಗೆ ತೋರ್ಸಣ, ನಮ್ಮಮ್ಮಂಗೆ ಗೊತ್ತಾಗೋದ್ ಬ್ಯಾಡ, ಎಂದು ಅವರು ಫೋನಿನಲ್ಲಿ ಅಂದದ್ದು ಅವ್ವನ ಕಿವಿಗೆ ಬಿತ್ತು. ಇಲ್ಲಿ ತಾ, ನಂಗೆ ಕಟ್ಟು ಅದನ್ನ, ಎಂದು ಕೈ ಚಾಚಿದಳು. ಬ್ಯಾಡ ಅವ್ವ. ಏನು ಬ್ಯಾಡ, ನಿಂಗಿರೋದು ಹೆದ್ರಿಕೆ, ರೋಗ ಅಲ್ಲ, ಅದು ಈ ಗಡಿಯಾರಕ್ಕೆ ತಿಳಿಯಲ್ಲ, ನಿನ್ನ ಹೊತ್ತ ಮೈ ತಾನೆ ಇದು, ನನ್ನ ಎದೆ ನಿನ್ನ ಹೆಸ್ರಲ್ಲಿ ನಾಕು ದಿನ ಬಡೀಲಿ ಬಿಡು.

ಬಡಿಯಿತು, ಅರವತ್ತಕ್ಕೆ ಇಳಿಯಿತು, ಚಂದ್ರಶೇಖರ್ ಖುಷಿಯಾದರು, ನಾನೂ ಖುಷಿಯಾದೆ, ಐವತ್ತೆರಡಾಯಿತು, ದಿನಾ ವಾಕಿಂಗ್ ಹೋಗ್ತೀಯೇನು ಎಂದು ಕೇಳಿದರು, ಹ್ಞೂಂ ಅಂದೆ, ನಲವತ್ತಾರು, ಆಗ ನನ್ನ ಖುಷಿ ನಿಂತಿತು. ಯಾಕೆಂದರೆ ಎಲ್ಲರಿಗಿಂತ ಮೊದಲು ಏಳುವ ಅವ್ವ ಈಗ ಬಿಸಿಲು ಬರುವವರೆಗೆ ಮಲಗಿರುತ್ತಾಳೆ, ಕೊಡ ಎತ್ತಿದವಳು ಅರ್ಧ ದಾರಿಯಲ್ಲಿ ಕಟ್ಟೆಗೆ ಕೂರುತ್ತಾಳೆ, ಕಣ್ಣಿಗೆ ಕತ್ತಲು ಕಟ್ತೈತೆ ಕಣೇ ಅನ್ನುತ್ತಾಳೆ, ನಾನು ಅದನ್ನೆಲ್ಲ ವಯಸ್ಸು ಅಂದುಕೊಂಡೆ, ಬಿಸಿಲು ಅಂದುಕೊಂಡೆ, ಕೊನೆಗೆ ಹಚ್ಚೆ ಅಂದುಕೊಂಡೆ — ಅವ್ವನ ಎಡಗೈ ಮಣಿಕಟ್ಟಿನಲ್ಲಿ ಹಚ್ಚೆ ಇದೆ, ಚುಕ್ಕಿ ಸಾಲು, ಹಚ್ಚೆಯ ಬಣ್ಣ ಆ ಹಸಿರು ಬೆಳಕನ್ನು ನುಂಗಿಬಿಡುತ್ತದೆ, ವಾಚು ತಪ್ಪು ತೋರಿಸುತ್ತದೆ ಎಂದು ಫೋನಿನಲ್ಲಿ ಓದಿದ್ದೆ, ಎಷ್ಟು ಸಮಾಧಾನವಾಯಿತು ಆಗ, ದಿನಚರಿ ತೆಗೆದು ಆ ಹಚ್ಚೆ ಹಾಕಿದವಳು ನೂರು ವರ್ಷ ಬಾಳಲಿ ಎಂದು ಬರೆದೆ, ಮರುದಿನ ಹಚ್ಚೆ ಇಲ್ಲದ ಬಲಗೈಗೆ ಕಟ್ಟಿದೆ. ನಲವತ್ತೆರಡು. ವಾಚನ್ನೇ ಬಿಚ್ಚಿಟ್ಟು ಎರಡು ಬೆರಳನ್ನು ಅವ್ವನ ಕುತ್ತಿಗೆಗೆ ಒತ್ತಿದೆ, ಒಂದು ಬಡಿತ, ಆಮೇಲೆ ಏನೂ ಇಲ್ಲ, ಇನ್ನು ಬರುವುದೇ ಇಲ್ಲವೇನೋ ಎನ್ನುವಷ್ಟು ಹೊತ್ತು ಏನೂ ಇಲ್ಲ, ನೀರಿಲ್ಲದ ಬಾವಿಗೆ ಕಲ್ಲು ಹಾಕಿ ಕಿವಿಗೊಟ್ಟ ಹಾಗೆ, ಆಮೇಲೆ ಎಲ್ಲೋ ಆಳದಲ್ಲಿ ಇನ್ನೊಂದು. ವಾಚು ಸರಿಯಾಗೇ ಇತ್ತು. ಆಸ್ಪತ್ರೆಗೆ ಹೋಗಣ ಅವ್ವ. ಹೋಗಣ, ನಿನ್ನ ಲಗ್ನ ಆಗ್ಲಿ, ಈಗ ಹೋದ್ರೆ ತಾಯಿಗೆ ಎದೆರೋಗ ಅಂದ್ಮೇಲೆ ಮಗಳಿಗೂ ಐತೆ ಅಂತಾರೆ, ಒಂದು ಸಂಬಂಧ ಬಿಟ್ಟೋರಿಗೆ ಇನ್ನೊಂದು ಬಿಡೋದು ಎಷ್ಟೊತ್ತು, ಬಾಯಿ ಬಿಟ್ರೆ ನನ್ನಾಣೆ. ಅಪ್ಪನಿಗೂ ಹೇಳಲಿಲ್ಲ, ದಿನಚರಿಗೂ ಹೇಳಲಿಲ್ಲ, ಇವತ್ತು ಬೆಳಗ್ಗೆ ಕೂಡ ಅವ್ವನ ಕೈಗೆ ಕಟ್ಟಿದೆ, ಕಟ್ಟಿದವಳು ನಾನೇ.

ನೋಡು ಪಾಲಣ್ಣ, ಇವತ್ತು ಬೆಳಗ್ಗೆ ಮೂವತ್ತೆಂಟು, ಚಂದ್ರಶೇಖರ್ ಫೋನು ಹಿಡಿದು ತೋರಿಸುತ್ತಿದ್ದಾರೆ, ದಿನಾ ಓಡೋ ನಂದೇ ಅರವತ್ತೈತೆ, ನಮ್ ಫ್ರೆಂಡ್ ಒಬ್ಬ ಡಾಕ್ಟ್ರು, ಅವನಿಗೆ ಕಳ್ಸಿದ್ದೆ, ಇಂಥ ಬಡಿತ ಇಬ್ರಿಗೇ ಇರೋದು ಕಣಯ್ಯ, ಓಡೋರಿಗೆ, ಇಲ್ಲಾಂದ್ರೆ ಬೀಳೋರಿಗೆ ಅಂದ, ನಮ್ಮ ಹುಡುಗಿ ಬಿದ್ದಿಲ್ವಲ್ಲಪ್ಪ ಅಂದೆ — ನಗುತ್ತಿದ್ದಾರೆ, ಪಾಲಣ್ಣನೂ ನಗುತ್ತಾನೆ, ಹಂಗಾದ್ರೆ ಓಡೋ ಹುಡುಗಿಗೆ ಹಗುರವಾದ ಸೀರೇನೇ ತೆಗೀಬೇಕು ಬಿಡಿ, ನಾನು ಅವ್ವನ ಕಡೆ ತಿರುಗಿದೆ, ಬೀಳೋರಿಗೆ ಎನ್ನುವ ಆ ಮಾತನ್ನು ಅವ್ವ ಕೇಳಿಸಿಕೊಂಡಿದ್ದಾಳೆ, ಕೇಳಿಸಿಕೊಂಡಳೆಂದೇ ಗೋಡೆ ಹಿಡಿದು ಏಳುತ್ತಿದ್ದಾಳೆ, ಎಲ್ಲಿ ನೋಡಣ ಆ ಹಸಿರ್ದು, ಎಂದು ನಗುವ ಮುಖ ಮಾಡಿ ಒಂದು ಹೆಜ್ಜೆ ಇಟ್ಟಳು, ಕೈ ಗೋಡೆಯ ಮೇಲೆ ಜಾರಿತು, ಮಡಿಚಿಟ್ಟ ಸೀರೆಗಳ ಮೇಲೇ ಅವ್ವ ಕುಸಿದಳು, ಶಬ್ದವೇ ಆಗಲಿಲ್ಲ, ರೇಷ್ಮೆಯ ಮೇಲೆ ಬಿದ್ದರೆ ಶಬ್ದವೇ ಆಗುವುದಿಲ್ಲ. ನೀಳ್ಳು ತೇವೇ, ನೀಳ್ಳು, ಎಂದು ಪಾಲಣ್ಣ ಒಳಮನೆಗೆ ತೆಲುಗಿನಲ್ಲಿ ಕೂಗಿದ, ಅವನ ಹೆಂಡತಿ ನೀರು ತಂದಳು, ಬಿಸ್ಲಾಗೆ ಬಂದವ್ರೆ, ಹೊಟ್ಟೆಗೇನು ತಿಂದಿಲ್ವೇನೋ, ಸಕ್ಕರೆ ಹಾಕಿ ಕೊಡ್ರಿ, ಎನ್ನುತ್ತಾ ತಿಪ್ಪೇರುದ್ರಮ್ಮನವರು ಅವ್ವನ ತಲೆ ತೊಡೆಯ ಮೇಲಿಟ್ಟುಕೊಂಡರು, ಒಳ್ಳೆಯವರು, ಇವರೂ ಒಳ್ಳೆಯವರೇ, ಅವ್ವ ಕಣ್ಣು ಬಿಟ್ಟಳು, ಏನಿಲ್ಲ ಬೀಗ್ರೇ, ಬಸ್ಸಿನಾಗೆ ನಿಂತು ಬಂದ್ವಲ್ಲ ಅದ್ಕೆ, ಎನ್ನುತ್ತಲೇ ನನ್ನ ಬೆರಳನ್ನು ಹಿಸುಕಿದಳು, ಹಿಸುಕಿದ್ದರಲ್ಲಿ ಬಲವೇ ಇರಲಿಲ್ಲ, ಆಣೆ ಮಾತ್ರ ಇತ್ತು. ಹೌದು, ಬಿಸಿಲೇ, ಎಂದು ಎಲ್ಲರೂ ಒಪ್ಪಿಕೊಳ್ಳುತ್ತಿದ್ದಾರೆ, ಎಷ್ಟು ಬೇಗ ಒಪ್ಪಿಕೊಳ್ಳುತ್ತಿದ್ದಾರೆ, ಹೇಳಿದರೆ ಲಗ್ನ ಹೋಗುತ್ತದೆ, ಅವ್ವ ನನ್ನ ಮುಖ ನೋಡುವುದಿಲ್ಲ, ಮೋಸ ಮಾಡಿದ ಮನೆ ಎಂದು ದೇವಸಮುದ್ರದಿಂದ ಚಳ್ಳಕೆರೆವರೆಗೆ ಮಾತಾಗುತ್ತದೆ, ಹೇಳದಿದ್ದರೆ — ನನ್ನ ಬೆರಳು ಅವ್ವನ ಮಣಿಕಟ್ಟಿನ ಮೇಲಿದೆ, ಒಂದು ಬಡಿತ, ಆಮೇಲೆ ಏನೂ ಇಲ್ಲ, ಹೆದರ್ಬ್ಯಾಡ ಶೈಲೂ ಎಂದು ಚಂದ್ರಶೇಖರ್ ನನ್ನ ಪಕ್ಕ ಬಗ್ಗಿದ್ದಾರೆ, ಸುಧಾರಿಸ್ಕಂತಾರೆ, ಊರಿಗೆ ಕಾರಲ್ಲೇ ಬಿಡ್ತೀನಿ, ಏನೂ ಇಲ್ಲ, ಇನ್ನೂ ಏನೂ ಇಲ್ಲ, ಕಲ್ಲು ಬಿದ್ದಿದೆ, ಬಾವಿ ಸುಮ್ಮನಿದೆ, ಬಾ, ಬಾರೇ, ಎಲ್ಲಿದೀಯ —

ಕಾರು ಊರಿಗೆ ಬ್ಯಾಡ ರೀ, ಆಸ್ಪತ್ರೆಗೆ, ಆ ಮೂವತ್ತೆಂಟು ನಂದಲ್ಲ, ನಮ್ಮವ್ವಂದು.