ಬಾಗಿಲ ಕೆಳಗಿನ ಗ್ರಹಣ

ನಮ್ಮ ಸಾಲಿನಲ್ಲಿ ಮೂವತ್ತು ಹೊಲಿಗೆ ಯಂತ್ರ, ಒಂದೇ ಬಿಲ್ಲೆ. ಕಂಬದ ಮೊಳೆಗೆ ನೇತುಹಾಕಿರುವ ಆ ಹಳದಿ ಪ್ಲಾಸ್ಟಿಕ್ ಬಿಲ್ಲೆಯನ್ನು ಕೊರಳಿಗೆ ಹಾಕಿಕೊಂಡವರು ಮಾತ್ರ ಶೌಚಾಲಯಕ್ಕೆ ಹೋಗಬಹುದು. ಅವರು ತಂದು ಮತ್ತೆ ಮೊಳೆಗೆ ಹಾಕುವವರೆಗೆ ಉಳಿದ ಇಪ್ಪತ್ತೊಂಬತ್ತು ಜನ ತಡೆದುಕೊಂಡು ಕೂರಬೇಕು.

ಗ್ರಹಣ ನೋಡಲು ನನಗಿದ್ದ ದಾರಿಯೂ ಅದೊಂದೇ. ಕಾರ್ಖಾನೆಯ ಕಿಟಕಿ ಗಾಜುಗಳಿಗೆಲ್ಲ ಬಿಳಿ ಬಣ್ಣ ಬಳಿದಿದ್ದಾರೆ. ಶೌಚಾಲಯದ ಆಚೆ ಚಿಂದಿ ಎಸೆಯುವ ಅಂಗಳವಿದೆ. ಅದರ ಕಬ್ಬಿಣದ ಬಾಗಿಲಿಗೆ ಒಳಗಡೆಯಿಂದ ಬರೀ ಚಿಲಕ. ಹಿಂದಿನ ನಾಲ್ಕು ದಿನ ಗ್ರಹಣ ಹಿಡಿಯುವ ಹೊತ್ತಿಗೇ ಹೋಗಿ ನೋಡಿ ಬಂದಿದ್ದೆ. ಹನ್ನೊಂದು ನಲವತ್ತಕ್ಕೆ ಸೂರ್ಯ ಸರಿಯಾಗಿ ನೀರಿನ ಟ್ಯಾಂಕಿನ ಮೇಲಿರುತ್ತಾನೆ. ಪೂರ್ತಿ ಮುಚ್ಚಿರುವುದು ಎರಡೇ ನಿಮಿಷ. ನಮ್ಮೂರಿಗೆ ಮತ್ತೆ ಅಂಥದ್ದು ಬರಲು ನೂರಾ ಹದಿನಾಲ್ಕು ವರ್ಷ ಬೇಕಂತೆ. ಭಾವನ ವೆಲ್ಡಿಂಗ್ ಮುಖವಾಡದಿಂದ ಬಿಚ್ಚಿದ ಕಪ್ಪು ಗಾಜು ನನ್ನ ಸೊಂಟದಲ್ಲಿತ್ತು. "ಒಡೆದ್ರೆ ನಿನ್ನ ಕಣ್ಣು ಕಿತ್ತು ಕೊಡ್ಬೇಕಾಗುತ್ತೆ ನೋಡು" ಎಂದೇ ಕೊಟ್ಟಿದ್ದರು.

ಮೇಲ್ವಿಚಾರಕನನ್ನು ನಾವು ಗಡಿಯಾರ ಅನ್ನುತ್ತೇವೆ. ಬೆಳಿಗ್ಗೆಯೇ ಅವನು ಕೂಗಿದ್ದ: "ಮೇಲೆ ಸೂರ್ಯ ಹೋಗ್ಲಿ, ಚಂದ್ರ ಬೀಳ್ಲಿ, ನನಗೆ ಗಂಟೆಗೆ ಅರವತ್ತು ಕಾಲರ್ ಬೇಕು. ತಿಳೀತಾ?"

ಹನ್ನೊಂದು ಮೂವತ್ತೆಂಟಕ್ಕೆ ಬಿಲ್ಲೆ ತೆಗೆದುಕೊಂಡೆ. ಪಕ್ಕದ ಯಂತ್ರದ ಅಕ್ಕ ನನ್ನ ತೋಳು ಹಿಡಿದಳು.

"ಇಲ್ಲಿ ಕೊಡೇ ಅದನ್ನ. ಹೋಗಿ ಬಂದ್ಬಿಡ್ತೀನಿ."

"ಈಗಲೇನಾ ಅಕ್ಕಾ? ಆಮೇಲೆ ಹೋಗಕ್ಕಾ."

"ನಿನ್ನ ಸೂರ್ಯ ನಾಳೆನೂ ಬರ್ತಾನೆ ಕಣೇ. ನನ್ನ ಸಕ್ಕರೆ ಕಾಯಿಲೆ ಏನು ಹೇಳಿ ಕೇಳಿ ಬರುತ್ತಾ?"

"ಐದೇ ನಿಮಿಷ. ಹೀಗೆ ಹೋಗಿ ಹಾಗೆ ಬರ್ತೀನಿ."

ಅವಳು ನನ್ನ ಮುಖ ನೋಡಿ ತೋಳು ಬಿಟ್ಟಳು. "ಹಾಳಾಗಿ ಹೋಗು. ಬೇಗ ಬಾ."

ನಾನು ಕೆಲಸಕ್ಕೆ ಸೇರಿದ ವಾರ ಬೆರಳಿಗೆ ಸೂಜಿ ಹೊಕ್ಕಾಗ ನನ್ನ ಪಾಲಿನ ಕಾಲರುಗಳನ್ನೂ ಹೊಲಿದು ಕೊಟ್ಟವಳು ಅವಳೇ. ಅದು ನೆನಪಾಯಿತು. ಆದರೂ ಹೋದೆ.

ಹಿಂಬಾಗಿಲಿನ ಚಿಲಕಕ್ಕೆ ಅಂಗೈಯಗಲದ ಹೊಸ ಬೀಗ ಬಿದ್ದಿತ್ತು. ಬೆಲೆಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಎಳೆದೆ, ಒದ್ದೆ. ಬಾಗಿಲು ಕದಲಲಿಲ್ಲ.

ಆಗಲೇ ವಾಪಸ್ ಹೋಗಿ ಬಿಲ್ಲೆ ಕೊಡಬಹುದಿತ್ತು. ಕೊಡಲಿಲ್ಲ. ಬಾಗಿಲ ಕೆಳಗೆ ಎರಡು ಬೆರಳಿನಷ್ಟು ಸಂದಿತ್ತು. ಫಿನಾಯಿಲ್ ವಾಸನೆಯ ಒದ್ದೆ ನೆಲದಲ್ಲಿ ಕುಕ್ಕರಗಾಲಲ್ಲಿ ಕೂತು ಅದನ್ನೇ ನೋಡಿದೆ. ಬಿಸಿಲಿನ ಪಟ್ಟಿ ಮೊದಲು ಸ್ಟೀಲ್ ತಟ್ಟೆಯ ಬಣ್ಣಕ್ಕೆ ತಿರುಗಿತು. ಆಮೇಲೆ ಒಮ್ಮೆಲೇ ಆರಿತು. ಹೊರಗೆ ಗೇಟಿನ ಕಾವಲುಗಾರ "ಅಯ್ಯಯ್ಯೋ, ನೋಡ್ರೋ, ನೋಡ್ರೋ!" ಎಂದು ಕಿರುಚಿದ. ಲಾರಿ ಚಾಲಕರು ಶಿಳ್ಳೆ ಹೊಡೆದರು. ನಾನು ಮೂರ್ಖಳ ಹಾಗೆ ಗಾಜನ್ನು ಕಣ್ಣಿಗೆ ಹಿಡಿದೆ. ಬಾಗಿಲೂ ಕಾಣದೆ ಹೋಯಿತು.

ಎರಡು ನಿಮಿಷ ಕಳೆದ ಮೇಲೆ ಸಂದಿನಲ್ಲಿ ಬಿಸಿಲು ಬಂತು, ಏನೂ ಆಗಿಲ್ಲವೆಂಬಂತೆ.

ನಾನು ಹಿಂದಿರುಗಿದಾಗ ಅಕ್ಕ ಹೊಲಿಯುತ್ತಲೇ ಇದ್ದಳು. ಸ್ಟೂಲಿನ ಕೆಳಗೆ ಕತ್ತರಿಸಿ ಉಳಿದ ಬಟ್ಟೆಯನ್ನು ರಾಶಿ ಹಾಕಿ ಕಾಲಿನಿಂದ ಒತ್ತಿಕೊಂಡಿದ್ದಳು. ರಾಶಿ ಒದ್ದೆಯಾಗಿತ್ತು. ಸೊಂಟಕ್ಕೆ ಇನ್ನೊಂದು ತುಂಡು ಸುತ್ತಿಕೊಂಡಿದ್ದಳು. ಗಡಿಯಾರ ಆ ತುದಿಯಲ್ಲಿದ್ದ, ಇನ್ನೂ ನೋಡಿರಲಿಲ್ಲ.

ಬಿಲ್ಲೆ ಚಾಚಿದೆ.

"ಇನ್ನು ಅದ್ಯಾಕೆ, ಮೊಳೆಗೆ ಹಾಕು" ಎಂದಳು. ತಲೆ ಎತ್ತಲಿಲ್ಲ. "ಕಾಣಿಸ್ತಾ?"

ಅವಳ ಕಾಲ ಬಳಿಯ ರಾಶಿ ನೋಡಿದೆ. ಇಲ್ಲ ಅನ್ನುವುದು ಸಾಧ್ಯವಿರಲಿಲ್ಲ.

"ಕಾಣಿಸ್ತಕ್ಕಾ."

"ಹೇಗಿತ್ತು?"

"ಕರೀ ತಟ್ಟೆ ಥರ. ಸುತ್ತ ಬೆಳ್ಳಿ ಬೆಳಕು." ಪತ್ರಿಕೆಯಲ್ಲಿ ಓದಿದ್ದನ್ನೇ ಹೇಳಿದೆ.

"ಹಾಗಾದ್ರೆ ಸರಿ. ಇದು ದಂಡ ಆಗ್ಲಿಲ್ಲ." ಅವಳು ದಾರ ಕತ್ತರಿಸಿ ಇನ್ನೊಂದು ಕಾಲರನ್ನು ಸೂಜಿಯಡಿ ಇಟ್ಟಳು. "ಸಂಜೆ ಬಸ್ಸಲ್ಲಿ ಎಲ್ಲಾ ಹೇಳ್ಬೇಕು ನೀನು. ಒಂದೂ ಬಿಡಬಾರದು."

ನಾನು ಕೂತು ಪೆಡಲ್ ಒತ್ತಿದೆ. ಬಸ್ಸು ಆರಕ್ಕೆ. ನಾವಿಬ್ಬರೂ ಒಂದೇ ಸೀಟಿನಲ್ಲಿ ಕೂರುತ್ತೇವೆ, ನಮ್ಮ ನಿಲ್ದಾಣ ಬರಲು ಐವತ್ತು ನಿಮಿಷ.